ರೇಟು ಏರಿಸಿದ್ರೆ ಗಿರಾಕಿ ಓಡಿಹೋಗ್ತಾನಾ?

ದುಡ್ಡಿನ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಇಲ್ಲಿ ಸ್ವಂತ ಕೆಲಸ ಮಾಡೋರು ರೇಟು ಹೆಂಗೆ ಫಿಕ್ಸ್ ಮಾಡ್ಕೋಬೇಕು ಅಂತ ಬರ್ದಿದ್ದೆ, ಫೋಟೋಗ್ರಾಫರ್, ಟೈಲರ್, ಟ್ಯೂಷನ್ ಹೇಳ್ಕೊಡೋರು ಎಲ್ಲ ಪತ್ರ ಬರೆದ್ರು. ಅದರ ಮಧ್ಯ ಎಸ್ಕಾರ್ಟ್ ಕೆಲಸ, ಅಂದ್ರೆ ದುಡ್ಡಿಗೆ ಲೈಂಗಿಕ ಸೇವೆ ಕೊಡೋ ಕೆಲಸ, ಮಾಡೋ ಒಬ್ರಿಂದ ಒಂದು ಪತ್ರ ಬಂತು, ಅದನ್ನ ಎರಡು ದಿನ ಮೇಜಿನ ಮೇಲೇ ಇಟ್ಕೊಂಡಿದ್ದೆ, ಹಾಕೋದಾ ಬೇಡವಾ ಅಂತ. ಆಮೇಲೆ ಅದೇ ಥರದ್ದು ಇನ್ನೂ ಕೆಲವು ಬಂದ್ವು, ಒಬ್ರು ಬೈದೂ ಬರೆದಿದ್ರು. ಹಂಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಯಾರ ಹೆಸರೂ ಊರೂ ಹಾಕಿಲ್ಲ.

ಪ್ರಶ್ನೆ: ಅಕ್ಕ, ನಾನು ಎಸ್ಕಾರ್ಟ್ ಕೆಲಸ ಮಾಡ್ತೀನಿ. ಏಜೆನ್ಸಿ ಇಲ್ಲ, ಫೋನ್ ಎತ್ತೋದೂ ನಾನೇ, ಎಲ್ಲಾ ನಾನೇ. ಮೂರು ವರ್ಷದಿಂದ ಒಂದೇ ರೇಟು. ರೂಮ್ ಬಾಡಿಗೆ ಏರ್ತು, ಓಡಾಟದ ಖರ್ಚು ಏರ್ತು, ಮಗನ ಫೀಸು ಏರ್ತು. ಹೊಸದಾಗಿ ಬಂದವರ ಜಾಹೀರಾತು ನೋಡಿ ಅವರಷ್ಟೇ ಇಟ್ಕೊಂಡು ಬಂದೆ. ಈಗ ಏರಿಸೋಣ ಅಂದ್ರೆ ಹಳೇ ಗಿರಾಕಿಗಳು ಬಿಟ್ಟೋಗ್ತಾರೆ ಅಂತ ಭಯ. ಲೆಕ್ಕ ಹೇಳ್ಕೊಡಿ ಸಾಕು, ಬುದ್ಧಿವಾದ ಬೇಡ.

ಉತ್ತರ: ಆಯ್ತು, ಲೆಕ್ಕಾನೇ ಮಾಡೋಣ. ನಿಮ್ಮ ರೇಟು ಎಷ್ಟು ಅಂತ ನೀವು ಬರೆದಿಲ್ಲ, ಬೇಕಾಗೂ ಇಲ್ಲ, 100 ಅಂತ ಇಟ್ಕೊಳ್ಳಿ. ತಿಂಗಳಿಗೆ 10 ಬುಕಿಂಗ್ ಅಂತ ಇಟ್ಕೊಳ್ಳಿ, ಸುಲಭ ಆಗ್ಲಿ ಅಂತ. ಕೈಗೆ ಬರೋದು 1000. ಇದರಲ್ಲಿ ಗಿರಾಕಿ ಬರ್ಲಿ ಬಿಡ್ಲಿ ಕಟ್ಟಲೇಬೇಕಾದ ಖರ್ಚು ಇರತ್ತೆ, ರೂಮು, ಫೋನು, ಜಾಹೀರಾತು, ಅದು 250 ಅನ್ನಿ. ಇನ್ನು ಪ್ರತಿ ಬುಕಿಂಗಿಗೂ ಆಗೋ ಖರ್ಚು, ಹೋಗಿ ಬರೋ ಗಾಡಿ, ಕಾಂಡೋಮ್, ಬೆಡ್‌ಶೀಟ್ ಲಾಂಡ್ರಿ, ಮೇಕಪ್, ಅದು 15. ಹತ್ತಕ್ಕೆ 150. ಒಟ್ಟು ಖರ್ಚು 400, ಉಳಿದಿದ್ದು 600. ಇದು ಮೂರು ವರ್ಷದ ಹಿಂದಿನ ಕಥೆ.

ಈಗ ಎಲ್ಲಾ ಖರ್ಚೂ ಶೇ. 20 ಏರಿದೆ ಅಂದ್ಕೊಳ್ಳಿ. ವರ್ಷಕ್ಕೆ ಶೇ. 6ರ ಹಾಗೆ ಏರಿದ್ರೂ ಮೂರು ವರ್ಷಕ್ಕೆ ಶೇ. 19 ದಾಟತ್ತೆ, ಹಂಗಾಗಿ ಇದೇನೂ ಜಾಸ್ತಿ ಹಿಡಿದ ಲೆಕ್ಕ ಅಲ್ಲ. ರೂಮು ಫೋನಿನ 250 ಈಗ 300, ಬುಕಿಂಗ್ ಖರ್ಚು 150 ಇದ್ದಿದ್ದು 180. ರೇಟು ಅದೇ 100, ಹಂಗಾಗಿ ಉಳಿಯೋದು 520. ಪರ್ವಾಗಿಲ್ಲ, 80 ತಾನೇ ಕಮ್ಮಿ ಆಗಿದ್ದು ಅನ್ಸತ್ತೆ ಅಲ್ವಾ, ಆದ್ರೆ ಆ 520 ತಗೊಂಡು ನೀವು ಮನೆಗೆ ಹೋಗ್ತೀರಲ್ಲ, ಅಲ್ಲೂ ಎಲ್ಲಾ ಶೇ. 20 ದುಬಾರಿ ಆಗಿದೆ. ಹಳೇ ದುಡ್ಡಿನ ಲೆಕ್ಕದಲ್ಲಿ ಆ 520ಕ್ಕೆ ಬೆಲೆ 433. ಅಂದ್ರೆ 600 ಇದ್ದ ಜಾಗದಲ್ಲಿ 433, ಕಾಲು ಭಾಗಕ್ಕಿಂತ ಜಾಸ್ತಿ ಹೋಯ್ತು. ಯಾರೂ ನಿಮ್ಮ ರೇಟು ಕಮ್ಮಿ ಮಾಡಿಲ್ಲ, ನೀವೂ ಮಾಡಿಲ್ಲ, ಸುಮ್ನೆ ಇದ್ದಿದ್ದಕ್ಕೇ ಇಷ್ಟು ಹೋಗಿದೆ.

ಈಗ ಭಯದ ವಿಷಯಕ್ಕೆ ಬರೋಣ. ರೇಟು 120 ಮಾಡಿದ್ರಿ, ಹತ್ತು ಜನರಲ್ಲಿ ಇಬ್ರು ಬಿಟ್ಟೋದ್ರು. ಎಂಟು ಬುಕಿಂಗು, 960 ಬಂತು, 300 ರೂಮು ಫೋನಿಗೆ ಹೋಯ್ತು, ಎಂಟು ಬುಕಿಂಗಿನ ಖರ್ಚು 144, ಉಳಿದಿದ್ದು 516. ಏರಿಸದೇ ಇದ್ದಿದ್ರೆ 520. ನಾಲ್ಕು ಕಮ್ಮಿ, ಆದ್ರೆ ಎರಡು ರಾತ್ರಿ ಮನೇಲಿ ಮಲಗಿದ್ರಿ. ಒಬ್ನೇ ಬಿಟ್ಟೋದ ಅಂದ್ರೆ 618 ಉಳಿಯತ್ತೆ. ಆದ್ರೆ ಮೂರು ಜನ ಹೋದ್ರೆ 414ಕ್ಕೆ ಬಂತು, ಆವಾಗ ಕಚ್ಚತ್ತೆ. ಹಂಗಾಗಿ ‘ಯಾರಾದ್ರೂ ಬಿಟ್ಟೋಗ್ತಾರಾ’ ಅಂತ ಕೇಳ್ಕೋಬೇಡಿ, ಬಿಟ್ಟೋಗ್ತಾರೆ, ಹತ್ತರಲ್ಲಿ ಎಷ್ಟು ಜನ ಅನ್ನೋದು ಲೆಕ್ಕ. ನಿಮ್ಮ ಸ್ವಂತ ಸಂಖ್ಯೆ ಹಾಕಿ ನೋಡಿ. ರೂಮ್ ಬಾಡಿಗೆ ಥರದ ಕಟ್ಟಲೇಬೇಕಾದ ಖರ್ಚು ಜಾಸ್ತಿ ಇದ್ದಷ್ಟೂ ಗಿರಾಕಿ ಕಳ್ಕೊಳ್ಳೋಕೆ ಧೈರ್ಯ ಕಮ್ಮಿ ಆಗತ್ತೆ, ಓಡಾಟದ ಖರ್ಚೇ ಜಾಸ್ತಿ ಇದ್ದವರಿಗೆ ಅಷ್ಟು ತೊಂದ್ರೆ ಇಲ್ಲ.

ಏರಿಸೋ ರೀತಿ ಬಗ್ಗೆ: ಈ ಕೆಲಸದಲ್ಲಿರೋರು ಸಾಮಾನ್ಯವಾಗಿ ಹೊಸಬರಿಗೆ ಮೊದಲು ಹೊಸ ರೇಟು ಹಾಕ್ತಾರೆ, ರೆಗ್ಯುಲರ್‌ಗಳಿಗೆ ಒಂದೆರಡು ತಿಂಗಳು ಮುಂಚೆ ಹೇಳ್ತಾರೆ. ಹೇಳುವಾಗ ಕಾರಣ ಕೊಡೋಕೆ ಹೋಗ್ಬೇಡಿ, ಕಾರಣ ಕೊಟ್ರೆ ಅದಕ್ಕೆ ಎದುರು ವಾದ ಶುರು ಆಗತ್ತೆ. ಮುಂದಿನ ತಿಂಗಳಿಂದ ಇಷ್ಟು, ಅಷ್ಟೇ. ನನ್ನತ್ರ ಲೆಕ್ಕ ತೋರಿಸೋಕೆ ಬರ್ತಿದ್ದ ಒಬ್ಬಾಕೆ ಹೇಳೋಳು, ಬಾಡಿಗೆ ಏರಿಸುವಾಗ ಮನೆ ಓನರ್ ನನಗೆ ಏನಾದ್ರೂ ವಿವರಣೆ ಕೊಟ್ನಾ, ನಾನ್ಯಾಕೆ ಕೊಡ್ಲಿ ಅಂತ. ಇನ್ನು ಕೆಲವರು ರೇಟು ಮುಟ್ಟೋದೇ ಇಲ್ಲ, ಬದಲಿಗೆ ಅರ್ಧ ಗಂಟೆ ಬುಕಿಂಗ್ ನಿಲ್ಲಿಸ್ತಾರೆ, ಓಡಾಟದ ಖರ್ಚು ಬೇರೆ ಕೇಳ್ತಾರೆ, ಡಿಸ್ಕೌಂಟ್ ತೆಗೀತಾರೆ, ಅಡ್ವಾನ್ಸ್ ಕಡ್ಡಾಯ ಮಾಡ್ತಾರೆ. ಗಿರಾಕಿ ಕಣ್ಣಿಗೆ ರೇಟು ಹಂಗೇ ಇದೆ, ಕೈಗೆ ಬರೋದು ಮಾತ್ರ ಜಾಸ್ತಿ. ನಂಗಿದು ಬುದ್ಧಿವಂತಿಕೆ ಅನ್ಸತ್ತೆ.

ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಏರಿಸಿ. ಮೂರು ವರ್ಷ ಸುಮ್ನಿದ್ದು ಒಂದೇ ಸಲ 20 ಏರಿಸೋದು ನಿಮಗೂ ಕಷ್ಟ, ಅವರಿಗೂ ಕಷ್ಟ. ಮತ್ತೆ ಪಕ್ಕದವರ ಜಾಹೀರಾತು ನೋಡಿ ರೇಟು ಇಡ್ಬೇಡಿ, ಅವರ ಬಾಡಿಗೆ ಎಷ್ಟು, ಎಷ್ಟು ಜನರನ್ನ ಸಾಕ್ತಿದಾರೆ, ಅಲ್ಲಿ ಬರ್ದಿರೋ ರೇಟು ನಿಜವಾಗ್ಲೂ ಸಿಗ್ತಿದೆಯಾ ಅಂತ ನಿಮಗೇನು ಗೊತ್ತು.

ಪ್ರಶ್ನೆ: ಒಂದು ಗಂಟೆಗೆ ನಾನು ಒಂದು ದಿನಕ್ಕೆ ದುಡಿಯೋಕಿಂತ ಜಾಸ್ತಿ ತಗೋತಾರೆ. ಇವರಿಗೆ ಬೆಲೆ ಏರಿಕೆ ಬಿಸಿ ಎಲ್ಲಿ ತಟ್ಟತ್ತೆ ಮೇಡಂ? ಇಂಥವರ ಪರವಾಗಿ ಪತ್ರಿಕೇಲಿ ಬರೀತೀರಲ್ಲ, ನಾಚಿಕೆ ಆಗ್ಬೇಕು.

ಉತ್ತರ: ನಾಚಿಕೆ ವಿಷಯ ಆಮೇಲೆ ನೋಡೋಣ, ಗಂಟೆ ವಿಷಯ ಮಾತ್ರ ತಪ್ಪಾಗಿದೆ. ಮೇಲೆ ಹೇಳಿದ್ನಲ್ಲ ಆ ಹೆಂಗಸು, ಆಕೆ ಹತ್ರ ಒಂದು ನೋಟ್‌ಬುಕ್ ಇತ್ತು, ಶಾಲೆ ಮಕ್ಕಳದ್ದು ಇರತ್ತಲ್ಲ ಅಂಥದ್ದು, ಅದರಲ್ಲಿ ಸ್ಕೇಲ್ ಇಟ್ಟು ಮೂರು ಕಾಲಂ ಎಳೆದಿದ್ಲು. ಮೊದಲನೇದು ‘ಬಂದಿದ್ದು’, ಎರಡನೇದು ‘ಹೋಗಿದ್ದು’, ಮೂರನೇದಕ್ಕೆ ಹೆಸರೇ ಇಲ್ಲ, ಬರೀ ಗಂಟೆ. ಅದೇನು ಅಂತ ಕೇಳ್ದೆ. ಸುಮ್ನೆ ಹೋದ ಗಂಟೆ ಅಂದ್ಲು. ಮೆಸೇಜಿಗೆ ಉತ್ತರ ಕೊಟ್ಟಿದ್ದು, ಬರೋ ಆಸಾಮಿ ಯಾರು ಎತ್ತ ಅಂತ ವಿಚಾರಿಸಿದ್ದು, ರೆಡಿ ಆಗಿದ್ದು, ಹೋಗಿದ್ದು, ಕಾದಿದ್ದು, ಆತ ಫೋನ್ ಸ್ವಿಚ್ ಆಫ್ ಮಾಡಿದ್ದು, ವಾಪಸ್ ಬಂದಿದ್ದು. ಆ ಮೂರನೇ ಕಾಲಂನಲ್ಲೇ ಪುಟಗಟ್ಟಲೆ ತುಂಬಿತ್ತು. ಒಂದು ಕಡೆ ನೀಲಿ ಇಂಕಲ್ಲಿ ‘ಕೈಕೊಟ್ಟ’ ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ಲು, ಪೆನ್ನು ಪೇಪರ್ ಹರಿದಿತ್ತು.

ನೀವು ಆಫೀಸಲ್ಲಿ ಕಾಯೋ ಹೊತ್ತಿಗೂ ಸಂಬಳ ಬರತ್ತೆ, ಇಲ್ಲಿ ಬರಲ್ಲ. ರಜೆ ಇಲ್ಲ, ಪಿಎಫ್ ಇಲ್ಲ, ಹುಷಾರಿಲ್ಲದ ದಿನ ಸೊನ್ನೆ. ಏಜೆನ್ಸಿ ಅಥವಾ ಏಜೆಂಟ್ ಮಧ್ಯ ಇದ್ರೆ ರೇಟಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಮಿಷನ್ ಹೋಗೋದು ತೀರಾ ಸಾಮಾನ್ಯ. ಜನಕ್ಕೆ ಗೊತ್ತಾಗತ್ತೆ ಅನ್ನೋ ಭಯಕ್ಕೆ, ಪೊಲೀಸ್ ಭಯಕ್ಕೆ, ಮುಂದೆ ಬೇರೆ ಕೆಲಸ ಸಿಗೋದು ಕಷ್ಟ ಅನ್ನೋದಕ್ಕೆ, ಇದಕ್ಕೆಲ್ಲಾ ಒಂದು ಬೆಲೆ ಇರತ್ತೆ, ಅದೂ ಆ ರೇಟಲ್ಲೇ ಸೇರಿದೆ. 2002ರಲ್ಲಿ ಲೀನಾ ಎಡ್ಲಂಡ್ ಮತ್ತೆ ಎವೆಲಿನ್ ಕಾರ್ನ್ ಅಂತ ಇಬ್ರು ಅರ್ಥಶಾಸ್ತ್ರಜ್ಞೆಯರು, ಹೆಚ್ಚು ಓದು ಬೇಡದ ಕೆಲಸಕ್ಕೆ ಇಷ್ಟು ದುಡ್ಡು ಯಾಕೆ ಸಿಗತ್ತೆ ಅಂತಾನೇ ಒಂದು ಪ್ರಬಂಧ ಬರೆದ್ರು. ಈ ಕೆಲಸ ಮಾಡೋ ಹೆಂಗಸು ಮದುವೆ ಮಾರುಕಟ್ಟೇಲಿ ಕಳ್ಕೊಳ್ಳೋದಕ್ಕೆ ಸಿಗೋ ಪರಿಹಾರ ಅದು ಅಂತ ಅವರ ವಾದ. ನಂಗೆ ಅದು ಪೂರ್ತಿ ಒಪ್ಪಿಗೆ ಇಲ್ಲ, ಮದುವೆ ಆಗಿ ಮಕ್ಕಳಿದ್ದೂ ಈ ಕೆಲಸ ಮಾಡೋರು ಬೇಕಾದಷ್ಟಿದಾರೆ, ಆದ್ರೆ ದುಡ್ಡಲ್ಲಿ ಕಳಂಕದ ಪಾಲೂ ಇದೆ ಅನ್ನೋದು ಸರಿ. ನೀವು ಬರೆದ ಪತ್ರಾನೇ ನೋಡಿ, ಅದರದ್ದೂ ಸ್ವಲ್ಪ ರೇಟಿಗೆ ಸೇರಿರತ್ತೆ.

ಪ್ರಶ್ನೆ: ಎಲ್ಲದರ ಬೆಲೆಯೂ ಏರುತ್ತೆ, ಹಾಗಾದ್ರೆ ಇದೂ ತಾನಾಗೇ ಏರ್ಬೇಕಲ್ವಾ? ನಾನು ಅರ್ಥಶಾಸ್ತ್ರ ಓದ್ತಿರೋ ಹುಡುಗ, ಕುತೂಹಲಕ್ಕೆ ಕೇಳ್ತಿದೀನಿ.

ಉತ್ತರ: ಏರ್ಬೇಕು ಅಂತ ಎಲ್ರಿಗೂ ಅನ್ಸತ್ತೆ, ಆಗೋದು ಎಷ್ಟೋ ಸಲ ಉಲ್ಟಾ. ‘ದಿ ಎಕನಾಮಿಸ್ಟ್’ ಪತ್ರಿಕೆ 2014ರಲ್ಲಿ 12 ದೇಶ, 84 ನಗರಗಳ ಸುಮಾರು 1,90,000 ಆನ್‌ಲೈನ್ ಪ್ರೊಫೈಲ್ ಜಾಲಾಡಿ ಲೆಕ್ಕ ಹಾಕ್ತು. 2006ರಲ್ಲಿ ಗಂಟೆಗೆ ಸರಾಸರಿ 340 ಡಾಲರ್ ಹತ್ರ ಇದ್ದಿದ್ದು 2014ಕ್ಕೆ 260ರ ಹತ್ರ ಬಂದಿತ್ತು. ಆ ಎಂಟು ವರ್ಷದಲ್ಲಿ ಬಾಡಿಗೆ ಇಳಿದಿತ್ತಾ? ಇಲ್ಲ. ಅವರು ಕೊಟ್ಟ ಕಾರಣಗಳಲ್ಲಿ 2007–08ರ ಆರ್ಥಿಕ ಕುಸಿತ ಒಂದು, ವಲಸೆ ಒಂದು, ಇಂಟರ್ನೆಟ್ ಒಂದು.

ಯಾಕೆ ಹಿಂಗಾಗತ್ತೆ ಅಂದ್ರೆ, ದಿನಸಿ ದುಬಾರಿ ಆದಾಗ ಗಿರಾಕಿ ಜೇಬೂ ಬಿಗಿ ಆಗತ್ತೆ, ಆತ ಮೊದಲು ಕಡಿತ ಮಾಡೋ ಖರ್ಚುಗಳಲ್ಲಿ ಇದೂ ಒಂದು. ಅದೇ ಹೊತ್ತಿಗೆ ಬೇರೆ ಕಡೆ ಕೆಲಸ ಕಳ್ಕೊಂಡವರು, ಸಂಬಳ ಸಾಲದವರು ಈ ಕಡೆ ಬರ್ತಾರೆ. ಕೇಳೋರು ಕಮ್ಮಿ, ಕೊಡೋರು ಜಾಸ್ತಿ. ಬೇರೆ ವ್ಯಾಪಾರದಲ್ಲಿ ಖರ್ಚು ಏರಿದ್ರೆ ಕೆಲವರು ಅಂಗಡಿ ಮುಚ್ಚಿ ಹೋಗ್ತಾರೆ, ಉಳಿದವರಿಗೆ ಬೆಲೆ ಏರಿಸೋಕೆ ಜಾಗ ಸಿಗತ್ತೆ. ಇಲ್ಲಿ ಖರ್ಚು ಏರಿದ್ರೆ ಹೊಸಬರು ಬರ್ತಾರೆ. ಈ ಒಂದು ವ್ಯತ್ಯಾಸ ಹಿಡ್ಕೊಂಡ್ರೆ ಉಳಿದಿದ್ದೆಲ್ಲ ಅರ್ಥ ಆಗತ್ತೆ.

ಹಂಗಾಗಿ ರೇಟು ಏರಿಸೋಕೆ ಆಗೋದು ಯಾರಿಗೆ? ಒಂದು ತಿಂಗಳು ಫೋನ್ ರಿಂಗ್ ಆಗದೇ ಇದ್ರೂ ಮನೆ ನಡೆಯತ್ತೆ ಅನ್ನೋರಿಗೆ. ಕೈಯಲ್ಲಿ ನಾಲ್ಕು ಕಾಸು ಇದ್ರೆ ‘ಆಗಲ್ಲ’ ಅನ್ನೋಕೆ ಬಾಯಿ ಬರತ್ತೆ. ಬೆಲೆ ಏರಿಕೆ ಯಾರಿಗೆ ಜೋರಾಗಿ ಹೊಡೀತೋ ಅವರೇ ಇವತ್ತಿನ ಬುಕಿಂಗ್ ಬಿಡೋಕಾಗದೆ ‘ಸರಿ ಬನ್ನಿ’ ಅಂದು ಕಮ್ಮಿಗೆ ಒಪ್ಕೊಳ್ಳೋದು. ಮೇಲಿನ ದರ್ಜೆ ಎಸ್ಕಾರ್ಟ್ ರೇಟು ಏರಿಸ್ಕೋಬಹುದು, ಕೆಳಗಡೆಯವರದ್ದು ಅಲ್ಲೇ ನಿಲ್ಲಬಹುದು ಇಲ್ಲಾ ಇಳೀಬಹುದು, ಸರಾಸರಿ ತೆಗೆದ್ರೆ ಇದು ಯಾವುದೂ ಕಾಣಲ್ಲ.

ಇನ್ನೊಂದು ಸಣ್ಣ ವಿಷ್ಯ, ನಿಮಗೆ ಇಷ್ಟ ಆಗ್ಬಹುದು. ರಾತ್ರಿ ಪೂರ್ತಿ ಬುಕಿಂಗಿನ ರೇಟು ಒಂದು ಗಂಟೆ ರೇಟಿನ ಎಂಟೋ ಹತ್ತೋ ಪಟ್ಟು ಇರಲ್ಲ, ಅದಕ್ಕಿಂತ ತುಂಬಾ ಕಮ್ಮಿ. ಯಾಕಂದ್ರೆ ರೆಡಿ ಆಗೋದು, ವಿಚಾರಿಸೋದು, ಹೋಗಿ ಬರೋದು ಒಂದೇ ಸಲ. ಒಂದು ಗಂಟೆ ಬುಕಿಂಗಲ್ಲಿ ಆ ಭಾರ ಪೂರ್ತಿ ಒಂದೇ ಗಂಟೆ ಮೇಲೆ ಬೀಳತ್ತೆ. ಓಡಾಟದ ಖರ್ಚು ಏರಿದಾಗ ಸಣ್ಣ ಬುಕಿಂಗುಗಳೇ ಮೊದಲು ನಿಂತು ಹೋಗೋದೂ ಇದಕ್ಕೇ.

ಪ್ರಶ್ನೆ: ನನ್ನ ಗೆಳತಿ ಈ ಕೆಲಸದಲ್ಲಿದಾಳೆ. ಕಾಂಡೋಮ್ ಇಲ್ಲದೆ ಆದ್ರೆ ಜಾಸ್ತಿ ಕೊಡ್ತೀನಿ ಅಂತ ಕೆಲವರು ಕೇಳ್ತಾರಂತೆ. ಮನೆ ಕಷ್ಟ ಜಾಸ್ತಿ ಆಗಿದೆ, ಅವಳು ಒಪ್ಕೊಂಡು ಬಿಡ್ತಾಳೇನೋ ಅಂತ ನಂಗೆ ಹೆದ್ರಿಕೆ.

ಉತ್ತರ: ನಿಮ್ಮ ಹೆದ್ರಿಕೇಲಿ ಅರ್ಥ ಇದೆ, ಇದು ಎಲ್ಲಾ ಕಡೆ ನಡೆಯೋದು, ಅಳೆದೂ ನೋಡಿದಾರೆ. ಮೆಕ್ಸಿಕೋದಲ್ಲಿ ಗರ್ಟ್ಲರ್, ಶಾ, ಬೆರ್ಟೋಜಿ ಅನ್ನೋ ಮೂವರು ಮಾಡಿದ ಅಧ್ಯಯನ 2005ರಲ್ಲಿ ಪ್ರಕಟ ಆಯ್ತು, ಕಾಂಡೋಮ್ ಬೇಡ ಅನ್ನೋ ಗಿರಾಕಿ ಶೇ. 23 ಜಾಸ್ತಿ ಕೊಡ್ತಿದ್ದ. ಕೋಲ್ಕತ್ತಾದಲ್ಲಿ ಮಾಡಿದ ಇನ್ನೊಂದು ಅಧ್ಯಯನ 2003ರದ್ದು, ಅಲ್ಲಿ ಕಾಂಡೋಮ್ ಬಳಸೋರಿಗೆ ಆಗ್ತಿದ್ದ ನಷ್ಟ ಶೇ. 66ರಿಂದ 79. ಅಂದ್ರೆ ಸೇಫ್ ಆಗಿರ್ತೀನಿ ಅಂದಿದ್ದಕ್ಕೆ ಅವರು ಆದಾಯದ ದೊಡ್ಡ ಪಾಲೇ ಕಳ್ಕೋತಿದ್ರು.

ಅದಕ್ಕಿಂತ ನನ್ನ ಮನಸ್ಸಲ್ಲಿ ಕೂತಿರೋದು ಕೀನ್ಯಾದ ಪಶ್ಚಿಮ ಭಾಗದಲ್ಲಿ ರಾಬಿನ್ಸನ್ ಮತ್ತೆ ಯೆಹ್ ಅನ್ನೋರು ಮಾಡಿದ್ದು, 2011ರಲ್ಲಿ ಬಂತು. ಹೆಂಗಸರ ಹತ್ರ ದಿನಾ ಡೈರಿ ಬರೆಸಿದ್ರು. ಮನೇಲಿ ಯಾರಿಗಾದ್ರೂ ಹುಷಾರು ತಪ್ಪಿದ ದಿನ, ಅದರಲ್ಲೂ ಮಗುಗೆ ಜ್ವರಾನೋ ಏನೋ ಬಂದ ದಿನ, ಕಾಂಡೋಮ್ ಇಲ್ಲದೆ ಒಪ್ಕೊಳ್ಳೋದು ಜಾಸ್ತಿ ಆಗ್ತಿತ್ತು. ಆಕೆಗೆ ಅಪಾಯ ಗೊತ್ತಿಲ್ಲ ಅಂತಲ್ಲ, ಡಾಕ್ಟ್ರ ಫೀಸು ಇವತ್ತೇ ಬೇಕು, ರೋಗ ಯಾವತ್ತೋ ಬರೋದು.

ಅದಕ್ಕೇ ನಿಮ್ಮ ಗೆಳತಿಗೆ ಏಡ್ಸ್ ಬಗ್ಗೆ ಪಾಠ ಹೇಳೋಕೆ ಹೋಗ್ಬೇಡಿ, ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರತ್ತೆ. ಅವಳ ಹತ್ರ ಒಂದು ವಾರದ ಖರ್ಚು ಎತ್ತಿಟ್ಟಿದೆಯಾ ಕೇಳಿ, ಇಲ್ಲಾಂದ್ರೆ ಆ ದುಡ್ಡು ಕೂಡಿಸೋಕೆ ಸಹಾಯ ಮಾಡಿ, ಆಗತ್ತೆ ಅಂದ್ರೆ ಕೈಗಡ ಕೊಡಿ. ಜಾಸ್ತಿ ಕೊಡ್ತೀನಿ ಅನ್ನೋ ಆ ದುಡ್ಡು, ಆಮೇಲೆ ಒಂದು ಸೋಂಕು ಬಂದು ಹದಿನೈದು ದಿನ ಕೆಲಸ ನಿಂತ್ರೆ ಎಲ್ಲಿ ಹೋಗತ್ತೆ ಅಂತ ಪೇಪರ್ ಮೇಲೆ ಬರೆದು ತೋರಿಸಿ. ಜರ್ಮನಿಯಲ್ಲಿ 2017ರಿಂದ ಕಾಂಡೋಮ್ ಕಾನೂನು ಪ್ರಕಾರ ಕಡ್ಡಾಯ, ‘ಆಗಲ್ಲ, ಕಾನೂನಿದೆ’ ಅನ್ನೋಕೆ ಒಂದು ನೆಪ ಆದ್ರೂ ಇದೆ. ಅಂಥ ಕಾನೂನಿಲ್ಲದ ಕಡೆ ಆಕೆ ಒಬ್ಳೇ ಅನ್ಬೇಕು.

ಪ್ರಶ್ನೆ: ಕಾನೂನು ಬದಲಾದ್ರೆ ರೇಟೂ ಬದಲಾಗತ್ತಾ?

ಉತ್ತರ: ಆಗತ್ತೆ, ಆದ್ರೆ ಒಂದೇ ದಿಕ್ಕಲ್ಲಿ ಅಂತ ಹೇಳೋಕಾಗಲ್ಲ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಕಾನೂನಿನಲ್ಲಿದ್ದ ಒಂದು ಸಂದು 2003ರಲ್ಲಿ ಕೋರ್ಟಲ್ಲಿ ಬೆಳಕಿಗೆ ಬಂತು, ನಾಲ್ಕು ಗೋಡೆ ಒಳಗೆ ನಡೆಯೋದು ಅಪರಾಧ ಅಲ್ಲ ಅಂತಾಯ್ತು, 2009ರವರೆಗೂ ಹಂಗೇ ಇತ್ತು. ಆ ಹೊತ್ತಲ್ಲಿ ಈ ಕೆಲಸಕ್ಕೆ ಬಂದವರು ಜಾಸ್ತಿ ಆದ್ರು, ರೇಟು ಇಳೀತು. ಅದರ ಜೊತೆ ಅತ್ಯಾಚಾರದ ಕೇಸು, ಹೆಂಗಸರಲ್ಲಿ ಗೊನೊರಿಯಾ ಅನ್ನೋ ಲೈಂಗಿಕ ಸೋಂಕು, ಎರಡೂ ಕಮ್ಮಿ ಆಯ್ತು ಅಂತ ಕನಿಂಗ್‌ಹ್ಯಾಮ್ ಮತ್ತೆ ಶಾ ಅನ್ನೋ ಸಂಶೋಧಕರು ಲೆಕ್ಕ ತೋರಿಸಿದಾರೆ. ಅಪಾಯ ಕಮ್ಮಿ ಆದಾಗ ಅಪಾಯಕ್ಕೆ ಅಂತ ಕೇಳ್ತಿದ್ದ ಬೆಲೆಯೂ ಕಮ್ಮಿ ಆಗತ್ತೆ.

ಇದರ ಉಲ್ಟಾ 2018ರ ಏಪ್ರಿಲ್‌ನಲ್ಲಿ ಆಗಿದ್ದು. ಅಮೆರಿಕದಲ್ಲಿ ಬ್ಯಾಕ್‌ಪೇಜ್ ಅನ್ನೋ ಜಾಹೀರಾತು ತಾಣವನ್ನ ಸರ್ಕಾರ ಜಪ್ತಿ ಮಾಡ್ತು, ಇಂಥ ಜಾಹೀರಾತಿಗೆ ತಾಣಗಳನ್ನೇ ಹೊಣೆ ಮಾಡೋ ಫೋಸ್ಟಾ-ಸೆಸ್ಟಾ ಕಾನೂನೂ ಅದೇ ತಿಂಗಳು ಬಂತು. ತಾವೇ ಜಾಹೀರಾತು ಹಾಕಿ, ತಾವೇ ಗಿರಾಕಿನ ವಿಚಾರಿಸ್ಕೊಂಡು, ತಮ್ಮ ರೇಟು ತಾವೇ ಹೇಳ್ತಿದ್ದವರಿಗೆ ಆ ದಾರಿ ಮುಚ್ಚಿತು, ಕೆಲವರು ರಸ್ತೆಗೆ, ಕೆಲವರು ಏಜೆಂಟ್ ಹತ್ರ ವಾಪಸ್ ಹೋಗ್ಬೇಕಾಯ್ತು ಅಂತ ಅವರೇ ಹೇಳ್ಕೊಂಡಿದಾರೆ. ಮಧ್ಯವರ್ತಿ ಬಂದ ಮೇಲೆ ಗಿರಾಕಿ ಕೊಡೋದು ಅಷ್ಟೇ ಇದ್ರೂ ಆಕೆಗೆ ಸಿಗೋದು ಅಷ್ಟಿರಲ್ಲ. ಸ್ವೀಡನ್ 1999ರಲ್ಲಿ, ಫ್ರಾನ್ಸ್ 2016ರಲ್ಲಿ ಕೊಳ್ಳೋನನ್ನ ಅಪರಾಧಿ ಮಾಡಿದ್ವು. ಅದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ, ನನ್ನ ಮಟ್ಟಿಗೆ ಗಿರಾಕಿ ಹೆದರಿಕೊಂಡ್ರೆ ಹೆಸರು ಹೇಳಲ್ಲ, ಹೆಸರು ಹೇಳದಿದ್ರೆ ಆಕೆ ವಿಚಾರಿಸೋದು ಹೆಂಗೆ, ಅಲ್ಲಿ ನಂಗೆ ಒಪ್ಪಿಗೆ ಆಗಲ್ಲ.

ನ್ಯೂಜಿಲೆಂಡಿನ 2003ರ ಕಾನೂನಲ್ಲಿ ಒಂದು ಮಾತಿದೆ, ಮೊದಲು ಒಪ್ಕೊಂಡಿದ್ರೂ ಯಾವಾಗ ಬೇಕಾದ್ರೂ ಬೇಡ ಅನ್ನೋ ಹಕ್ಕು ಆಕೆಗಿದೆ. ಬೆಲ್ಜಿಯಂನಲ್ಲಿ 2024ರ ಡಿಸೆಂಬರ್‌ನಿಂದ ಕರಾರಿನ ಮೇಲೆ ಕೆಲಸ ಮಾಡೋರಿಗೆ ಕಾಯಿಲೆ ರಜೆ, ಹೆರಿಗೆ ರಜೆ, ಪಿಂಚಣಿ ಎಲ್ಲಾ ಉಂಟು, ಆದ್ರೆ ಸ್ವಂತವಾಗಿ ಮಾಡೋರಿಗೆ ಅದು ಅನ್ವಯ ಆಗಲ್ಲ. ನಮ್ಮ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಲೈಂಗಿಕ ಕಾರ್ಯಕರ್ತರಿಗೂ ಘನತೆಯಿಂದ ಬದುಕೋ ಹಕ್ಕಿದೆ ಅಂದಿದೆ. ರೇಟಿನ ಬಗ್ಗೆ ಯಾವ ಕಾನೂನೂ ಏನೂ ಹೇಳಲ್ಲ ಅಂತ ಕಾಣತ್ತೆ, ಆದ್ರೆ ಬೇಡ ಅನ್ನೋಕೆ ಬಲ ಕೊಟ್ರೆ ರೇಟು ಹೇಳೋಕೂ ಬಲ ಬಂದ ಹಾಗೆ.

ಪ್ರಶ್ನೆ: ನಾನು ಗಿರಾಕಿ. ಚೌಕಾಸಿ ಮಾಡೋದ್ರಲ್ಲಿ ತಪ್ಪೇನಿದೆ?

ಉತ್ತರ: ಬುಕಿಂಗ್ ಮುಂಚೆ ಕೇಳಿ, ಇಲ್ಲ ಅಂದ್ರೆ ಸುಮ್ನೆ ಫೋನ್ ಇಡಿ. ಬಾಗಿಲ ಹತ್ರ ಬಂದ ಮೇಲೆ ಚೌಕಾಸಿ ಶುರು ಮಾಡೋ ಗಿರಾಕಿನ ಕಂಡ್ರೆ ಅವರಿಗೆ ಮೊದಲು ಬರೋದು ಸಿಟ್ಟಲ್ಲ, ಹೆದರಿಕೆ. ದುಡ್ಡಿನ ಮಾತಿಗೆ ತಪ್ಪೋನು ಇನ್ಯಾವ ಮಾತಿಗೆ ನಿಲ್ತಾನೆ ಅಂತ. ತುಂಬಾ ಜನ ರೇಟು ಕಮ್ಮಿ ಇಡದೇ ಇರೋದಕ್ಕೆ ಇದೂ ಒಂದು ಕಾರಣ, ಕಮ್ಮಿ ಇಟ್ರೆ ಇಂಥವರೇ ಜಾಸ್ತಿ ಬರ್ತಾರಂತೆ.

ಪ್ರಶ್ನೆ: ಒಂದು ತಿಂಗಳು ಚೆನ್ನಾಗಿ ಬರತ್ತೆ, ಇನ್ನೊಂದು ತಿಂಗಳು ಏನೂ ಇಲ್ಲ. ಉಳಿಸೋದು ಹೆಂಗಕ್ಕ? ಬ್ಯಾಂಕಲ್ಲಿ ಏನು ಕೆಲಸ ಅಂತ ಕೇಳಿದ್ರೆ ಏನು ಬರೀಲಿ?

ಉತ್ತರ: ಈ ತೊಂದ್ರೆ ನಿಮ್ಮೊಬ್ರದ್ದೇ ಅಲ್ಲ. ಕೋಲ್ಕತ್ತಾದ ಸೋನಾಗಾಚಿಯಲ್ಲಿ ಇದೇ ಕಾರಣಕ್ಕೆ 1995ರಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಸೇರಿ ‘ಉಷಾ’ ಅಂತ ಒಂದು ಸಹಕಾರ ಸಂಘ ಕಟ್ಕೊಂಡ್ರು, ಸಾಲಗಾರರ ಬಡ್ಡಿ ತಡೆಯೋಕಾಗದೆ. ಸಂಘದ ಸದಸ್ಯರು ಒಳ್ಳೇ ನಡತೆಯವರಾಗಿರ್ಬೇಕು ಅನ್ನೋ ಕಾನೂನಿನ ಮಾತು ಅಡ್ಡ ಬಂತು, ಅದಕ್ಕೂ ಹೋರಾಡಿ ತಮ್ಮ ಕೆಲಸದ ಹೆಸರಲ್ಲೇ ರಿಜಿಸ್ಟರ್ ಮಾಡಿಸ್ಕೊಂಡ್ರು.

ನಿಮ್ಮ ಮಟ್ಟಿಗೆ ಹೇಳೋದಾದ್ರೆ, ಕಳೆದ ವರ್ಷದ ತೀರಾ ಕೆಟ್ಟ ತಿಂಗಳು ಯಾವುದು ನೋಡಿ, ಆ ತಿಂಗಳು ಎಷ್ಟು ಬಂತೋ ಅಷ್ಟರಲ್ಲೇ ಮನೆ ಖರ್ಚು ಹೊಂದಿಸೋಕೆ ನೋಡಿ. ಆಗಲ್ಲ ಅಂದ್ರೆ ಅದರ ಹತ್ರ ಹತ್ರ. ಚೆನ್ನಾಗಿ ಬಂದ ತಿಂಗಳಿನ ಮಿಕ್ಕಿದ್ದು ಬೇರೆ ಖಾತೆಗೆ, ಎಟಿಎಂ ಕಾರ್ಡ್ ಇಲ್ಲದ ಖಾತೆ ಆದ್ರೆ ಇನ್ನೂ ಒಳ್ಳೇದು. ಮೊದಲು ಒಂದು ತಿಂಗಳ ಬಾಡಿಗೆ ಸೇರಿಸಿ, ಅದು ಆದ್ಮೇಲೆ ಮುಂದಿನದು. ಬ್ಯಾಂಕ್ ಫಾರಂನಲ್ಲಿ ‘ಸ್ವಂತ ಉದ್ಯೋಗ’ ಅಂತ ಬರೀರಿ, ಅದು ಸುಳ್ಳಲ್ಲ. ಸಾಲ ಕೇಳೋ ಯೋಚನೆ ಇದ್ರೆ ಮಾತ್ರ ಈಗಿಂದಾನೇ ಲೆಕ್ಕ ಬರೆದಿಡಿ, ಮೂರು ಕಾಲಂ ಸಾಕು.